ನಾನು ಕಾಪಾಡಿದ ಬೇಲಿ

ವಕೀಲನಾಗಿದ್ದೆ, ಒಂದು ಅವಧಿಗೆ ಶಾಸಕನಾದೆ, ಆಮೇಲೆ ಜಿಲ್ಲಾ ನ್ಯಾಯಾಧೀಶನಾಗಿ ನಿವೃತ್ತನಾದೆ. ಚಳ್ಳಕೆರೆಯಲ್ಲಿ ಸನ್ಮಾನ ಮಾಡುವವರು ಈ ಮೂರನ್ನೂ ಒಂದೇ ಉಸಿರಿಗೆ ಹೇಳಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಡುತ್ತಾರೆ. ಒಬ್ಬ ಹೆಂಗಸು ಮಾತ್ರ ನನ್ನನ್ನು ಇವತ್ತಿಗೂ ‘ವಕೀಲಪ್ಪ’ ಅನ್ನುತ್ತಾಳೆ. ನನ್ನ ಹುದ್ದೆಗಳನ್ನು ಹತ್ತಿರದಿಂದ ಅನುಭವಿಸಿದವಳು ಅವಳು, ಹಾಗಾಗಿ ನಾನು ತಿದ್ದಲು ಹೋಗಿಲ್ಲ.

ಆಕೆಯದು ಕುರಿ ಸಾಕುವ ಮನೆ. ಪರಶುರಾಂಪುರದ ಆಚೆ ಒಂದು ಹಟ್ಟಿ. ಹಟ್ಟಿಗೂ ದನಕುರಿ ನೀರು ಕುಡಿಯುವ ಗೋಕಟ್ಟೆಗೂ ನಡುವೆ ಒಬ್ಬ ಶೇಂಗಾ ಸಾಹುಕಾರನ ಹೊಲ. ಅದರ ಅಂಚಿನಲ್ಲಿ ತಾತನ ಕಾಲದಿಂದ ಕುರಿ ಹೋಗುವ ದಾರಿಯಿತ್ತು. ಸಾಹುಕಾರ ಅದನ್ನು ಮುಚ್ಚುತ್ತೇನೆ ಅಂದ. ಮುಚ್ಚಿದರೆ ಗುಡ್ಡ ಸುತ್ತಿ ಹೋಗಬೇಕು, ಒಂದೂವರೆ ಗಂಟೆಯ ನಡಿಗೆ. ಬಿಸಿಲಲ್ಲಿ ಅಷ್ಟು ನಡೆದರೆ ಗಬ್ಬದ ಕುರಿಗಳು ದಿನ ತುಂಬದೆ ಕಂದು ಹಾಕುತ್ತವೆ. “ದಾರಿ ಒಂದು ಉಳಿಸ್ಕೊಡಿ ವಕೀಲಪ್ಪ, ಇನ್ನೇನೂ ಬ್ಯಾಡ” ಅಂದಳು.

ಆಗ ನನಗೆ ಮೂವತ್ತು ದಾಟಿ ಎರಡೋ ಮೂರೋ ವರ್ಷ. ಮೀಸೆ, ಮಾತು ಎರಡೂ ಜೋರಾಗಿದ್ದವು. ‘ಉತ್ತರ ದಕ್ಷಿಣವಾಗಿ ಹನ್ನೆರಡು ಅಡಿ ಅಗಲದ ದಾರಿ’ ಅಂತ ನಾಲ್ಕೂ ದಿಕ್ಕಿನ ಚಕ್ಕುಬಂದಿ ಸಮೇತ ದಾವೆ ಬರೆದೆ. ಜಾಗ ನೋಡಿದ್ದೆನೆ? ಎಲ್ಲಿಯ ಮಾತು! ಹೊಲದ ಬಿಸಿಲು ಕರಿಕೋಟಿಗೆ ಆಗಿಬರುವುದಿಲ್ಲ ಎಂದು ನಂಬಿದ್ದ ಕಾಲ ಅದು.

ಕೇಸು ಕೂಗುವ ದಿನ ಬೆಳಗ್ಗೆ ಆಕೆ ಕೋರ್ಟಿನ ಜಗಲಿಗೆ ಏದುಸಿರು ಬಿಡುತ್ತಾ ಬಂದಳು. “ವಕೀಲಪ್ಪ, ಹೊತ್ತು ಮೂಡೋ ಹೊತ್ಗೇ ಬೇಲಿ ಹಾಕ್ಬಿಟ್ರು...”

“ಸುಮ್ನಿರವ್ವ. ಕೋರ್ಟಲ್ಲಿ ಮಾತಾಡೋನು ನಾನು. ನಿಂಗೆ ಕಾನೂನು ಗೊತ್ತಾಗಲ್ಲ.”

ಮೊಳಕಾಲ್ಮುರಿನ ಕೋರ್ಟಿನಲ್ಲಿ ಮಧ್ಯಾಹ್ನ ಇನ್ನೊಂದು ಕೇಸಿತ್ತು, ಬಸ್ಸಿನ ಹೊತ್ತಾಗಿತ್ತು. ಒಳಗೆ ಹೋಗಿ ಗುಡುಗಿದೆ. ಹನ್ನೊಂದೂವರೆಗೆ ಆದೇಶ ಸಿಕ್ಕಿತು: ಮುಂದಿನ ಆದೇಶದವರೆಗೆ ಎರಡೂ ಕಡೆಯವರು ಜಾಗವನ್ನು ಇವತ್ತು ಇರುವ ಹಾಗೇ ಇಟ್ಟುಕೊಳ್ಳಬೇಕು. ಮೊದಲ ದಿನವೇ ಸ್ಟೇಟಸ್ ಕೋ! ಬೀಗುತ್ತಾ ಬಸ್ಸು ಹತ್ತಿದೆ. ಮೊಳಕಾಲ್ಮುರಿನಲ್ಲಿ ಟೀ ಕುಡಿಯುತ್ತಾ, ಸಾಹುಕಾರನ ಬೇಲಿಯ ಕಥೆ ಸಮೇತ ನನ್ನ ಪ್ರತಾಪ ಹೇಳಿಕೊಂಡೆ. ಅಲ್ಲಿದ್ದ ಹಿರಿಯ ವಕೀಲರೊಬ್ಬರು ಅರ್ಧ ತೆಲುಗು, ಅರ್ಧ ಕನ್ನಡ ಆಡುವವರು. “ಕಂಚೆ ಎಪ್ಪುಡು ಏಸಿನಾರಪ್ಪಾ?” ಅಂದರು. ಬೇಲಿ ಹಾಕಿದ್ದು ಯಾವಾಗ ಎಂದು.

“ಇವತ್ತು ಬೆಳಗ್ಗೆ ಅಂತೆ.”

“ಆರ್ಡರ್ ಆಗಿದ್ದು?”

“ಹನ್ನೊಂದೂವರೆಗೆ.”

ಅವರು ಲೋಟ ಕೆಳಗಿಟ್ಟರು. “ಹಂಗಾದ್ರೆ ದಾರಿನಲ್ಲ, ಬೇಲಿನ ಕಾಪಾಡಿದ್ದೀಯ ಬಿಡು” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ಮಾರನೆಯ ದಿನವೇ ಬೇಲಿ ತೆಗೆಸಲು ಬೇರೆ ಅರ್ಜಿ ಹಾಕಬಹುದಿತ್ತು. ಹಾಕಿದರೆ ‘ನನ್ನ ಕಕ್ಷಿದಾರಳು ಹೇಳಿದ್ದಳು, ನಾನು ಕೇಳಿಸಿಕೊಳ್ಳಲಿಲ್ಲ’ ಎಂದು ಕೋರ್ಟಿನೆದುರು ಒಪ್ಪಿಕೊಳ್ಳಬೇಕು. ಅಷ್ಟರಲ್ಲಿ ಚಳ್ಳಕೆರೆಯ ಸಂತೆಯಲ್ಲೆಲ್ಲ ಒಂದೇ ದಿನದಲ್ಲಿ ಆರ್ಡರ್ ತರುವ ವಕೀಲ ಎಂದು ನನ್ನ ಹೆಸರು ಓಡಾಡುತ್ತಿತ್ತು. ಆ ಹೆಸರನ್ನು ನಾನೇ ಕೊಲ್ಲುವುದು ಹೇಗೆ? ಸುಮ್ಮನಿದ್ದುಬಿಟ್ಟೆ. ಆಕೆ ಬಂದು, “ಆರ್ಡ್ರು ನಮ್ದೇ ಅಂತೀರಿ, ಬೇಲಿ ಅಲ್ಲೇ ಐತಲ್ಲ?” ಎಂದಾಗ, “ಕೋರ್ಟಿನ ಕೆಲಸ ಅವ್ವ, ನಿಧಾನ ಆಗ್ತೈತೆ” ಎಂದೆ. ಆ ಮಾತು ಮಾತ್ರ ಪೂರ್ತಿ ನಿಜವಾಯಿತು.

ಆ ಹೆಸರಿನ ಮೇಲೆಯೇ ನನಗೆ ಟಿಕೆಟ್ ಸಿಕ್ಕಿತು. ಶೇಂಗಾ ಸಾಹುಕಾರ ತನ್ನ ಜೀಪು ಕೊಟ್ಟು ನನ್ನ ಪರ ಊರೂರು ತಿರುಗಿದ. ಅವನಿಗಿಂತ ಹೆಚ್ಚು ನನ್ನ ಉಪಕಾರ ಉಂಡವರು ಯಾರಿದ್ದರು? ಗೆದ್ದ ಮೇಲೆ ಆ ಹಟ್ಟಿಗೆ ನೀರಿನ ಟ್ಯಾಂಕು ಉದ್ಘಾಟಿಸಲು ಹೋದೆ. ಭಾಷಣದ ನಡುವೆ ಆಕೆ ಎದ್ದು ನಿಂತಳು. ಕಂಕುಳಲ್ಲಿ ಒಂದು ಕುರಿಮರಿ, ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಆರ್ಡರಿನ ಪ್ರತಿ.

“ವಕೀಲಪ್ಪ, ಬೇಲಿ ಇಲ್ಲೇ ಐತೆ. ಒಂದ್ ಹೆಜ್ಜೆ ಬಂದು ನೋಡ್ರಿ.”

“ವಿಷಯ ಕೋರ್ಟಲ್ಲಿ ಐತವ್ವ. ಶಾಸಕನಾಗಿ ನಾನು ಬಾಯಿ ಹಾಕಂಗಿಲ್ಲ.”

ನ್ಯಾಯಾಲಯದ ಮೇಲೆ ನನಗಿರುವ ಗೌರವ ಕಂಡು ಜನ ಚಪ್ಪಾಳೆ ತಟ್ಟಿದರು. ಮೊದಲು ತಟ್ಟಿದವನು ಸಾಹುಕಾರ. ನಾನು ಕಾರು ಹತ್ತಿದೆ.

ಮುಂದಿನ ಚುನಾವಣೆಯಲ್ಲಿ ಜನ ನನ್ನನ್ನು ಮನೆಗೆ ಕಳಿಸಿದರು. ಹಠಕ್ಕೆ ಬಿದ್ದು ಓದಿ, ಪರೀಕ್ಷೆ ಬರೆದು ಜಿಲ್ಲಾ ನ್ಯಾಯಾಧೀಶನಾದೆ. ಸ್ವಂತ ಜಿಲ್ಲೆಗೆ ಹಾಕುವುದಿಲ್ಲವಲ್ಲ, ಒಳ್ಳೆಯದೇ ಆಯಿತು ಅಂದುಕೊಂಡೆ. ಆದರೆ ಆ ಬೇಲಿ ವೇಷ ಹಾಕಿಕೊಂಡು ಅಲ್ಲಿಗೂ ಬಂತು. ದೂರದ ಊರಿನಲ್ಲಿ ಒಬ್ಬ ಎಳೆಯ ವಕೀಲ ಅದೇ ತಪ್ಪು ಮಾಡಿದ್ದ, ಗೋಡೆ ಎದ್ದ ಮೇಲೆ ಸ್ಟೇಟಸ್ ಕೋ ತಗೊಂಡಿದ್ದ. “ಜಾಗ ನೋಡಿದ್ದೀರೇನ್ರೀ? ಕಕ್ಷಿದಾರರ ಮಾತು ಕೇಳೋ ವ್ಯವಧಾನ ಇಲ್ಲದಿದ್ರೆ ಈ ಕೋಟು ಯಾಕ್ರೀ?” ಎಂದು ತುಂಬಿದ ಕೋರ್ಟಿನಲ್ಲಿ ಜಾಡಿಸಿದೆ. ವಕೀಲರ ಕರ್ತವ್ಯದ ಬಗ್ಗೆ ಎರಡು ಪುಟ ಬರೆದೆ. ಚೆನ್ನಾಗಿದೆ ಎಂದು ಸಹೋದ್ಯೋಗಿಗಳು ಹೊಗಳಿದರು. ಆ ಹುಡುಗನಿಗೆ ಬೈದದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ನಿವೃತ್ತನಾಗಿ ಊರಿಗೆ ಬಂದ ಮೇಲೆ, ಹಳೆಯ ದಾವೆಗಳಲ್ಲಿ ರಾಜಿ ಮಾಡಿಸುವ ಮಧ್ಯಸ್ಥನಾಗಿ ಚಳ್ಳಕೆರೆಯ ಕೋರ್ಟಿನ ಒಂದು ಕೋಣೆಯಲ್ಲಿ ಕೂರಿಸಿದರು. ಎರಡನೇ ವಾರವೇ ಆ ಫೈಲು ಬಂತು. ಸಾಹುಕಾರ ತೀರಿಕೊಂಡು, ವಾರಸುದಾರರು ಸೇರಿ, ಮೇಲ್ಮನವಿಗೆ ಹೋಗಿ, ಅಲ್ಲಿಂದ ವಾಪಸು ಬಂದು, ದಾವೆ ಇನ್ನೂ ಉಸಿರಾಡುತ್ತಿತ್ತು. ಒಂದು ಕಡೆ ಸಾಹುಕಾರನ ಮಗ, ಇನ್ನೊಂದು ಕಡೆ ಕೋಲು ಊರಿಕೊಂಡು ಆಕೆ. ತಲೆ ಪೂರ್ತಿ ಬೆಳ್ಳಗಾಗಿತ್ತು. ಪ್ಲಾಸ್ಟಿಕ್ ಕವರು ಮಾತ್ರ ಹೊಸದು.

ಈ ಕೇಸಿನಲ್ಲಿ ನಾನು ಮೊದಲು ವಕೀಲನಾಗಿದ್ದೆ, ಆಕ್ಷೇಪವಿದ್ದರೆ ಎದ್ದುಹೋಗುತ್ತೇನೆ ಎಂದು ನಿಯಮದ ಪ್ರಕಾರ ಹೇಳಿದೆ. “ನೀವೇ ಇರ್ರಿ ಸಾರ್, ನಮ್ಮಪ್ಪ ನಿಮ್ಗೇ ಓಟು ಕೇಳಿದ್ದು” ಎಂದ ಮಗ. ಆಕೆ ಕವರು ಬಿಚ್ಚಿ ಕಾಗದವನ್ನು ನನ್ನ ಮುಂದಿಟ್ಟಳು. ಇನ್ನು ಯಾವ ಹುದ್ದೆಯ ಹಿಂದೆ ಅಡಗಲಿ?

“ಅವ್ವ, ಈ ಆರ್ಡರೇ ಬೇಲಿನ ಉಳಿಸಿದ್ದು. ನೀನು ಅವತ್ತು ಹೇಳಿದ್ದೆ, ನಾನು ಕೇಳಲಿಲ್ಲ. ತಪ್ಪು ನಂದು” ಎಂದೆ.

“ಗೊತ್ತೈತೆ” ಅಂದಳು ಆಕೆ, ಮುಖದಲ್ಲಿ ಒಂದು ಗೆರೆಯೂ ಅಲುಗದೆ. “ಅದೇ ವರ್ಷ ಪರಶುರಾಂಪುರದ ಮೇಷ್ಟ್ರು ಓದಿ ಹೇಳಿದ್ರು. ಈ ಮಾತು ಹೇಳಕ್ಕೆ ನೀನು ಎಮ್ಮೆಲ್ಲೆ ಆಗಿ, ಜಡ್ಜಾಗಿ ಬರಬೇಕಾಯ್ತೇನಪ್ಪ?”

ಸಾಹುಕಾರನ ಮಗ ಆ ಕಾಗದವನ್ನು ಎಳೆದುಕೊಂಡು ಓದಿದ. “ಹನ್ನೆರಡು ಅಡಿ ತಾನೆ ಸಾರ್, ಬಿಟ್ಟುಕೊಡ್ತೀನಿ” ಎಂದ. ಅರ್ಧ ಗಂಟೆಯಲ್ಲಿ ರಾಜಿಪತ್ರಕ್ಕೆ ಸಹಿ ಬಿತ್ತು.

ಬೇಲಿ ಕೀಳುವ ದಿನ ನಾನೇ ಹೋದೆ, ಯಾರೂ ಕರೆಯದೆ. ದಾರಿ ಉತ್ತರ ದಕ್ಷಿಣವಾಗಿರಲೇ ಇಲ್ಲ, ಪೂರ್ವಕ್ಕೆ ಹೋಗುತ್ತಿತ್ತು. ತಂತಿ ಸುತ್ತಿ ಬದಿಗಿಟ್ಟರು. ಆಕೆ ಕುರಿಗಳನ್ನು ಬಿಟ್ಟಳು. ಅವು ತೆರೆದ ದಾರಿಯ ಮುಂದೆಯೇ ಸಾಲಾಗಿ ಹಾದು, ಗುಡ್ಡ ಸುತ್ತುವ ಹಾದಿ ಹಿಡಿದವು. ಬೇಲಿಗಿಂತ ಮುಂಚೆ ಹುಟ್ಟಿದ ಒಂದು ಕುರಿಯೂ ಆ ಮಂದೆಯಲ್ಲಿ ಉಳಿದಿರಲಿಲ್ಲ.

“ಅವಕ್ಕೆ ನಿನ್ ಆರ್ಡ್ರೇ ರೂಢಿ ಆಗೈತೆ” ಎಂದು ಆಕೆ ನಕ್ಕಳು. ನನಗೆ ಅಳು ಬಂತು. ಆಕೆ ಅದನ್ನು ನೋಡಿಯೂ ನೋಡದವಳ ಹಾಗೆ ಮಂದೆಯನ್ನು ತಿರುಗಿಸಿ ತಂದು, ಒಂದು ಜಾಲಿ ಕೊಂಬೆ ಮುರಿದು ನನ್ನ ಕೈಗೆ ಕೊಟ್ಟಳು. “ಒಂದು ಮುಂದೆ ಹೋದ್ರೆ ಉಳಿದವು ತಾವೇ ಬರ್ತಾವೆ. ನಡಿ ವಕೀಲಪ್ಪ, ಮುಂದ್ ನಡಿ.”

ಕೊಂಬೆ ಆಡಿಸುತ್ತಾ ನಡೆದೆ. ಹಿಂದೆ ಒಂದು ಕುರಿ, ಆಮೇಲೆ ನಾಲ್ಕು, ಆಮೇಲೆ ಇಡೀ ಮಂದೆಯ ಗೊರಸಿನ ಸದ್ದು. ಗೋಕಟ್ಟೆಯ ನೀರಿನ ಹತ್ತಿರ ನಿಂತು ಗಡಿಯಾರ ನೋಡಿಕೊಂಡೆ. ಆರು ನಿಮಿಷವಾಗಿತ್ತು.