ಐವತ್ನಾಲ್ಕು ಮಕ್ಕಳಿಗೆ ಒಂಬತ್ತು ತೋಳು

ಜೂನ್ ತಿಂಗಳು, ಇಲ್ಲಿಗೆ ಕಡು ಚಳಿಗಾಲ. ಆಲೂಗಡ್ಡೆಯನ್ನು ಬಯಲಲ್ಲಿ ಹರಡಿ ಹಿಮಕ್ಕೆ ಒಣಗಿಸುವ ಕಾಲ. ಬೆಳಗಿನ ಐದು ಗಂಟೆ. ಎತ್ತರದ ಬೆಟ್ಟದೂರು ಹಂಕೋ ಪಂಪಾದ ಆರೋಗ್ಯ ಕೇಂದ್ರದ ಬೀಗ ಹೆಪ್ಪುಗಟ್ಟಿದೆ. ದಾದಿ ಲಿಯಾಂದ್ರಾ ತಿಕೋನಾ ಅದಕ್ಕೆ ಬಾಯಿಟ್ಟು ಉಸಿರೂದಿ, ಬೈದು, ಮತ್ತೆ ಊದಿ ತೆಗೆಯುತ್ತಾಳೆ.

ಒಳಗೆ ಗೋಡೆಯಗಲಕ್ಕೆ ಊರಿನ ನಕ್ಷೆ. ಮನೆಗೊಂದು ಚೌಕ. ಕೂಸಿರುವ ಮನೆಗೆ ಅಂಟಿಸಿದ ಕೆಂಪು ಕಾಳು, ಬಸುರಿಯಿದ್ದರೆ ಹಳದಿ ಜೋಳ, ಮುದುಕರಿಗೆ ಕಪ್ಪು ಕಾಳು. ಇವತ್ತು ಒಂದು ಕಪ್ಪು ಕಾಳನ್ನು ಉಗುರಲ್ಲಿ ಕೀಳುತ್ತಾಳೆ. "ಹಿಲಾರಿಯೋ ತಾತ ಮೊನ್ನೆ ಹೋದ. ಕೀಳೋದೇ ಕೆಲಸ ಆಯ್ತು ನಂದು. ಅಂಟು ಡಬ್ಬಿ ಒಣಗಿ ಕಲ್ಲಾಗಿದೆ."

ಲಿಯಾಂದ್ರಾಗೆ ಐವತ್ತೊಂದು. ಇಪ್ಪತ್ತಾರು ವರ್ಷದಿಂದ ಲಸಿಕೆಯ ಡಬ್ಬಿ ಹೆಗಲಿಗೇರಿಸಿ ದಿನಕ್ಕೆ ಹದಿನಾಲ್ಕು ಕಿಲೋಮೀಟರ್ ನಡೆಯುತ್ತಾಳೆ. ಬಂದ ಹೊಸದರಲ್ಲಿ ವರ್ಷಕ್ಕೆ ಮೂವತ್ತು ಹೆರಿಗೆ. "ಅದ್ರಲ್ಲಿ ಎಂಟ್ಹತ್ತು ಕೂಸು ಚಳಿಗೇ ಹೋಗೋವು. ಓಡಾಡಿ ಓಡಾಡಿ ಸಾಯೋದು ನಿಲ್ಲಿಸ್ದೆ. ಸಾಯೋದು ನಿಂತ್ಮೇಲೆ ಹೆಂಗಸ್ರು ಎರಡೇ ಸಾಕು ಅಂದ್ರು. ಒಳ್ಳೇದೇ. ಆ ಎರಡನ್ನೂ ಬೆನ್ನಿಗೆ ಕಟ್ಕೊಂಡು ಊರೇ ಬಿಟ್ರು." ಮಕ್ಕಳ ಓದಿಗೆಂದು ಎಲ್ ಆಲ್ತೊ ನಗರಕ್ಕೆ, ಹೊಲಿಗೆ ಕೆಲಸಕ್ಕೆ ಬ್ಯೂನಸ್ ಐರಿಸ್‌ಗೆ, ಅಂಗಡಿ ಕೆಲಸಕ್ಕೆ ಗಡಿಯಾಚೆ ಇಕೀಕೆ ಬಂದರಿಗೆ. ಈಗ ಊರಲ್ಲಿ ನೂರ ಇಪ್ಪತ್ತೇಳು ಜನ. ಐದು ವರ್ಷದೊಳಗಿನ ಮಕ್ಕಳು ಒಂಬತ್ತು.

ಸರ್ಕಾರದ ಕಾಗದದಲ್ಲಿ ಮಾತ್ರ ನಾನೂರ ಹದಿನೆಂಟು. ಮಕ್ಕಳು ಐವತ್ನಾಲ್ಕು.

ಇದು ಊರವರೇ ಮಾಡಿಕೊಂಡದ್ದು. ಜನಗಣತಿಯ ದಿನ ಎಲ್ಲಿದ್ದರೆ ಅಲ್ಲಿಯ ಲೆಕ್ಕ. ತಲೆ ಮುನ್ನೂರಕ್ಕಿಂತ ಕೆಳಗಿಳಿದರೆ ಕೇಂದ್ರಕ್ಕೆ ಬೀಗ ಎಂಬ ಸುದ್ದಿ ಬಂದಿತ್ತು. ಬರದಿದ್ದವರಿಗೆ ಜಮೀನಿನಲ್ಲಿ ಪಾಲಿಲ್ಲ ಎಂದು ಊರ ಮುಖ್ಯಸ್ಥ ಸೆವೆರೋ ಸಾರಿದ. ಹಿಂದಿನ ದಿನವೇ ಆರು ಬಸ್ಸು ತುಂಬಿ ಬಂದವು. ಲಿಯಾಂದ್ರಾಳೇ ನೆಂಟರಿಗೆಲ್ಲ ಫೋನು ಹಚ್ಚಿದ್ದಳು. "ಕೂಸನ್ನೂ ತಂದಿದೀವಿ ಅಕ್ಕಾ, ಸಣ್ಣ ತಲೆ ಅಂತ ಅರ್ಧ ಬರಿಸ್ಬೇಡ," ಅಂದಿದ್ದಳು ತಂಗಿ. ಎರಡು ಲಾಮಾ ಕಡಿದು ಉಣ್ಣಿಸಿದರು. ಮಾರನೆಯ ದಿನ ಬಸ್ಸುಗಳು ಹಾಗೆಯೇ ತುಂಬಿಕೊಂಡು ಹೋದವು.

ಅಂದಿನಿಂದ ಶುರು. ಜಿಲ್ಲೆಯ ಡಾಕ್ಟರ್ ವಿಯೆಗಾಸ್ ಮೂರು ತಿಂಗಳಿಗೊಮ್ಮೆ ಬಂದು ಅದೇ ಹಾಳೆ ಬಿಡಿಸುತ್ತಾನೆ. ಎರಡು ತಿಂಗಳ ಹಿಂದೆ ಬಂದಾಗಲೂ ಅದೇ ಮಾತು.

"ಐವತ್ನಾಲ್ಕು ಮಕ್ಕಳಲ್ಲಿ ಲಸಿಕೆ ಚುಚ್ಚಿದ ತೋಳು ಒಂಬತ್ತೇ. ನಲವತ್ತೈದು ಮಕ್ಕಳು ಎಲ್ಲಮ್ಮಾ?"

"ನಿಮ್ಮ ಮನೆ ಪಕ್ಕದಲ್ಲೇ ಇದಾವೆ ಡಾಕ್ಟ್ರೇ, ಎಲ್ ಆಲ್ತೊದಲ್ಲಿ. ಅಲ್ಲೇ ಲಸಿಕೆನೂ ಹಾಕ್ಸಿದಾರೆ."

"ನಂಗೊತ್ತು ಮಹರಾಯ್ತಿ. ಕಾಗದಕ್ಕೆ ಗೊತ್ತಿಲ್ವಲ್ಲ. ನಿಜ ಬರ್ಕೊಡು, ತಿದ್ತೀನಿ. ಇಲ್ಲಾ ಕೆಲಸಗಳ್ಳಿ ಅನ್ನೋ ಕಾಗದಕ್ಕೆ ಸಹಿ ಹಾಕು. ಇದು ಎರಡನೇದು. ಮೂರಾದ್ರೆ ವರ್ಗ."

ಸೆವೆರೋ ಬಾಗಿಲಲ್ಲೇ ನಿಂತು ಕೆಮ್ಮಿದ. "ನಮ್ಮ ತಲೆ ಕಡಿಮೆ ಮಾಡ್ಬೇಡ ತಾಯೀ."

"ನಿನ್ನ ತಲೆ ಒಂದನ್ನ ಕಡಿಮೆ ಮಾಡಿದ್ರೆ ಸಾಕಿತ್ತು," ಅಂದಳು ಲಿಯಾಂದ್ರಾ. ಆವತ್ತು ಒಳಕೋಣೆಯಲ್ಲಿ ರುಫಿನಾ ಚಾಂಬಿ ಹೆರಿಗೆ ನೋವಲ್ಲಿ ಮಲಗಿದ್ದಳು. ಕೂಸು ಅಡ್ಡ ತಿರುಗಿತ್ತು. ಈ ಕೇಂದ್ರ ಮುಚ್ಚಿದರೆ ಮುಂದಿನದು ಇಪ್ಪತ್ತೆರಡು ಕಿಲೋಮೀಟರ್ ದೂರ, ದಾರಿಯಲ್ಲಿ ಹೊಳೆ. ಲಿಯಾಂದ್ರಾ ಪೆನ್ನು ಕಿತ್ತುಕೊಂಡು ಸಹಿ ಗೀಚಿ ಒಳಗೆ ನಡೆದಳು.

"ಕೆಲಸಗಳ್ಳಿ ಅನ್ನಿಸ್ಕೊಂಡ್ರೆ ಯಾರೂ ಸಾಯಲ್ಲ," ಅನ್ನುತ್ತಾಳೆ ಈಗ, ಡಬ್ಬಿಯ ಪಟ್ಟಿ ಬಿಗಿಯುತ್ತ. "ಕೂಸು ತಿರುಗ್ತು. ಹೆಣ್ಣು. ಮೂರು ಕಿಲೋ. ಈ ಕೈಯಲ್ಲಿ ಆರು ವರ್ಷದಿಂದ ಒಂದು ಕೂಸೂ ಹೋಗಿಲ್ಲ, ಬರ್ಕೊಳ್ಳಲಿ ಅದನ್ನ. ನಂಗೆ ಬೇಕಾಗಿರೋದಿಷ್ಟೇ: ನಾನಿರೋ ತನಕ ಈ ಬಾಗಿಲು ತೆಗೆದಿರ್ಲಿ, ಒಳಗೆ ಬರೋಕೆ ಯಾರಾದ್ರೂ ಇರ್ಲಿ."

ಆ ಕೂಸಿಗೆ ಎರಡು ತಿಂಗಳ ಲಸಿಕೆ ಬುಧವಾರ ಬಿತ್ತು. ಗುರುವಾರ ಬೆಳಗಿನ ಬಸ್ಸಿಗೆ ರುಫಿನಾ ಅದನ್ನು ಬೆನ್ನಿಗೆ ಕಟ್ಟಿಕೊಂಡು ಇಕೀಕೆಗೆ ಹೋದಳು.