ಮಂಗಳಗೌರಿ ಹೊಲಿದ ಸೀಟುಗಳು

ಇವತ್ತು ಬೆಳಿಗ್ಗೆ ಬೋಗಾದಿಯ ನಮ್ಮ ಬೀದಿ ತುದಿಯಲ್ಲಿ ಹತ್ತಿದ ಆಟೋಗೆ ಹೊಸ ಸೀಟು ಹಾಕಿಸಿದ್ದರು. ಹೊಸ ರೆಕ್ಸಿನ್ನಿನ ವಾಸನೆ ನಿಮಗೂ ಗೊತ್ತಿರುತ್ತದೆ. ಜೂನ್ ತಿಂಗಳ ಸ್ಕೂಲ್ ಬ್ಯಾಗು, ಬಿಸಿಲಲ್ಲಿ ಕಾದ ಅಂಟು, ಆಗಷ್ಟೇ ಬಿಚ್ಚಿದ ರೇನ್‌ಕೋಟು, ಇವೆಲ್ಲ ಕಲೆತ ವಾಸನೆ ಅದು. ಉಳಿದವರು ಮೂಗು ಸಿಂಡರಿಸುವಲ್ಲಿ ನಾನು ಮಾತ್ರ ಕಾಫಿಪುಡಿ ಅಂಗಡಿಯ ಮುಂದೆ ನಿಂತವಳಂತೆ ಉಸಿರೆಳೆದುಕೊಳ್ಳುತ್ತೇನೆ. ಆಟೋದವರು ಕನ್ನಡಿಯಲ್ಲಿ ನೋಡಿ, "ಯಾಕಮ್ಮ, ಉಷಾರಿಲ್ವಾ?" ಎಂದರು. ಚೆನ್ನಾಗಿದ್ದೇನೆ ಎಂದೆ. ಕಾರಣ ಹೇಳಲು ಹೊರಟಿದ್ದರೆ ನಾನು ಇಳಿಯಬೇಕಿದ್ದ ಕಡಕೊಳ ಬಂದರೂ ಮುಗಿಯುತ್ತಿರಲಿಲ್ಲ. ನಿಮಗಾದರೆ ಹೇಳಬಹುದು; ಎದುರಿಗೆ ಬರುವ ಬಸ್ಸು ನೋಡಿಕೊಳ್ಳುವ ಕೆಲಸ ನಿಮಗಿಲ್ಲ.

ನಾನು ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡಿದವಳು. ಅದರಲ್ಲೂ 'ಉದ್ಯಮಶೀಲತೆ' ಎಂಬ ವಿಷಯ ಯಾವಾಗಲೂ ನನ್ನ ಪಾಲಿಗೇ ಬರುತ್ತಿತ್ತು. ಉದ್ಯಮಿಗೆ ಇರಬೇಕಾದ ಗುಣಗಳನ್ನು ಒಂದೊಂದಾಗಿ ಬೋರ್ಡಿನ ಮೇಲೆ ಬರೆದು, ಎದೆಯುಬ್ಬಿಸಿ ವಿವರಿಸುತ್ತಿದ್ದೆ. ಸ್ವತಃ ನಾನು ಜೀವನದಲ್ಲಿ ಮಾರಿದ್ದು ಹಳೆಯ ಪೇಪರು ಮಾತ್ರ. ಅದರಲ್ಲೂ ಪೇಪರಿನವನು ತಕ್ಕಡಿ ಹೇಗೆ ಹಿಡಿದರೂ ಸರಿ ಎಂದು ತಲೆಯಾಡಿಸುತ್ತಿದ್ದೆ.

ಮಂಗಳಗೌರಿ ನಮ್ಮ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಳು. ಇಲವಾಲದ ಆಚೆಯ ಬೇಸಾಯದ ಮನೆಯ ಹುಡುಗಿ. ಗಂಡ ಸಿದ್ದರಾಜು ಸಿಟಿ ಬಸ್ಸಿನ ಕಂಡಕ್ಟರು. ಅವಳು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಅಳತೆ ಕೊಡುವಾಗ ನಾನು ಉಸಿರು ಬಿಗಿಹಿಡಿದು ನಿಲ್ಲುವುದು ವಾಡಿಕೆ. "ಉಸ್ರು ಬುಡಿ ಮೇಡಂ. ನೀವು ಹಿಂಗೇ ನಿಂತ್ಕಂಡಿರ್ತೀರಾ ದಿನಾ ಎಲ್ಲಾ?" ಎಂದು ಟೇಪನ್ನು ಸಡಿಲ ಬಿಡುತ್ತಿದ್ದಳು. ಅವಳು ಹೊಲಿದ ರವಿಕೆಯಲ್ಲಿ ಆರಾಮವಾಗಿ ಊಟ ಮಾಡಬಹುದಿತ್ತು. ಈ ಗುಣ ಎಲ್ಲ ದರ್ಜಿಗಳಿಗೂ ಇರುವುದಿಲ್ಲ.

ಒಂದು ದಿನ ನನ್ನ ಸ್ಕೂಟರಿನ ಸೀಟು ಹರಿಯಿತು. ಸೀಟು ಹೊಲಿಯುವ ಅಂಗಡಿಯಾತ ಮೂರು ಸಲ ನಾಳೆ ಬನ್ನಿ ಎಂದ. ಮಂಗಳಗೌರಿಯ ಮುಂದೆ ಇದನ್ನು ಹೇಳಿಕೊಂಡು ಗೊಣಗಿದೆ. ಅವಳು ಹೊರಗೆ ಬಂದು, ಸೀಟನ್ನು ಒತ್ತಿ, ತಿರುವಿ, ಮೂಸಿ ನೋಡಿದಳು. "ಇದೂ ರವಿಕೆನೇ ಕಣ್ರೀ ಮೇಡಂ, ಬಟ್ಟೆ ಒಸಿ ದಪ್ಪ ಅಷ್ಟೇ" ಎಂದಳು. ಮನೆ ಮೆಷಿನ್ನಿನ ಐದು ಸೂಜಿ ಮುರಿದ ಮೇಲೆ ಉಳಿದದ್ದನ್ನು ದಬ್ಬಳ ಹಿಡಿದು ಕೈಯಲ್ಲೇ ಹೊಲಿದು ಮುಗಿಸಿದಳು. ನಮ್ಮ ಬೀದಿಯ ಆಟೋದವರೊಬ್ಬರು ಅದನ್ನು ನೋಡಿದರು. ಅವರನ್ನು ನೋಡಿ ಇನ್ನೊಬ್ಬರು ಬಂದರು. ಆರು ತಿಂಗಳಲ್ಲಿ ಅವಳ ಮನೆ ಮುಂದೆ ರವಿಕೆಯವರಿಗಿಂತ ಆಟೋಗಳೇ ಹೆಚ್ಚು ನಿಲ್ಲುತ್ತಿದ್ದವು.

ಇದು ಗಂಡಸರ ಕೆಲಸ ಎಂದು ಅವಳಿಗೆ ಹೇಳದವರಿಲ್ಲ. ಅವಳ ಕಿವಿಗೆ ಅದು ಬೀಳುತ್ತಿರಲಿಲ್ಲವೆಂದಲ್ಲ, ಮೆಷಿನ್ನಿನ ಸದ್ದು ಅದಕ್ಕಿಂತ ಜೋರಾಗಿತ್ತು. ಮೂರು ವರ್ಷ ಹೀಗೆ ನಡೆದ ಮೇಲೆ ಶಾಲಾ ವ್ಯಾನುಗಳ ಮಾಲೀಕರೊಬ್ಬರು ಒಂದು ದೊಡ್ಡ ಆರ್ಡರಿನ ಮಾತಾಡಿದರು. ಅದಕ್ಕೆ ದೊಡ್ಡ ಮೆಷಿನ್ನುಗಳು ಬೇಕು, ಒಂದು ಶೆಡ್ಡು ಬೇಕು, ಅಂದರೆ ಬ್ಯಾಂಕಿನ ಸಾಲ ಬೇಕು. ನನ್ನ ಕಾಲ ಬಂತು ಎನಿಸಿತು. ಎರಡು ವಾರ ಕೂತು, ಚಾರ್ಟು, ಗ್ರಾಫು ಎಲ್ಲ ಹಾಕಿ ಹದಿನೆಂಟು ಪುಟದ ಯೋಜನಾ ವರದಿ ಬರೆದುಕೊಟ್ಟೆ. ಬ್ಯಾಂಕಿನ ಮ್ಯಾನೇಜರು ಅದರ ಮೇಲೆ ಟೀ ಲೋಟ ಇಟ್ಟುಕೊಂಡರು.

"ಯಜಮಾನರು ಬಂದಿಲ್ವೇನಮ್ಮ?" ಎಂಬುದು ಅವರ ಮೊದಲ ಪ್ರಶ್ನೆ. ಮಾರನೆಯ ದಿನ ಸಿದ್ದರಾಜು ರಜೆ ಹಾಕಿ ಬಂದ. ಮ್ಯಾನೇಜರು ಅವನ ಕಡೆಗೇ ಕುರ್ಚಿ ತಿರುಗಿಸಿ, ತಿಂಗಳಿಗೆ ಎಷ್ಟು ಆರ್ಡರ್ ಬರುತ್ತದೆ ಎಂದರು.

"ಅವಳ್ನ ಕೇಳಿ ಸಾರ್."

ರೆಕ್ಸಿನ್ ಎಲ್ಲಿಂದ ತರಿಸುತ್ತೀರಿ?

"ಅವಳ್ನ ಕೇಳಿ ಸಾರ್. ನಾನು ಕಂಡಕ್ಟರು. ಬೋಗಾದಿಯಿಂದ ಬಸ್ ಸ್ಟ್ಯಾಂಡಿಗೆ ಎಷ್ಟು ಸ್ಟಾಪು ಅಂತ ಬೇಕಾದ್ರೆ ಕೇಳಿ, ಹೇಳ್ತೀನಿ."

ಮ್ಯಾನೇಜರು ನಿಟ್ಟುಸಿರಿಟ್ಟರು. ಕೆಟ್ಟವರಲ್ಲ, ಪಾಪ. ನಿಜಕ್ಕೂ ಸಹಾಯ ಮಾಡುವ ದನಿಯಲ್ಲೇ ಹೇಳಿದರು: "ನೋಡಮ್ಮ, ಬ್ಯೂಟಿ ಪಾರ್ಲರ್ ಮಾಡ್ತೀನಿ ಅನ್ನು, ಹಪ್ಪಳ ಸಂಡಿಗೆ ಅನ್ನು, ಈ ವಾರವೇ ಮಾಡಿಸಿಕೊಡ್ತೀನಿ. ಆಟೋ ಸೀಟು ಹೆಂಗಸರ ಕೈಲಿ ಆಗೋದು ಅಂದ್ರೆ ಮೇಲಿನವರು ಒಪ್ಪೋದಿಲ್ಲ."

ನಾನು ಸಮಾನತೆಯ ಬಗ್ಗೆ ಒಂದು ಭಾಷಣಕ್ಕೆ ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಮಂಗಳಗೌರಿ ಎದ್ದು ನಿಂತಿದ್ದಳು. "ಸಾರ್, ಎರಡು ನಿಮಿಷ ಆಚೆಗೆ ಬರ್ತೀರಾ? ಬಿಸಿಲಿಲ್ಲ, ಬನ್ನಿ."

ಅವರು ಯಾಕೆ ಬಂದರೋ ನನಗೆ ಇಂದಿಗೂ ತಿಳಿಯದು. ಬ್ಯಾಂಕಿನ ಎದುರೇ ಆಟೋ ಸ್ಟ್ಯಾಂಡು. ಸಾಲಾಗಿ ಒಂಬತ್ತು ಆಟೋಗಳು. ಅವಳು ಒಂದೊಂದರ ಪಕ್ಕ ನಿಂತು ತೋರಿಸಿದಳು: ಇದು ನಂದು, ಇದು ನಂದಲ್ಲ, ಇದು ನಂದು, ಇದೂ ನಂದೇ. ಒಂಬತ್ತರಲ್ಲಿ ಆರು ಅವಳು ಹೊಲಿದವು. "ಇದರ ಅಂಚು ಎಳೀರಿ ಸಾರ್. ಎಳೀರಿ, ಏನೂ ಆಗಲ್ಲ." ಮ್ಯಾನೇಜರು ಸುತ್ತ ನೋಡಿ, ಎಳೆದರು. ಆಟೋದವರಲ್ಲಿ ಹಿರಿಯರೊಬ್ಬರು, "ಮೂರು ವರ್ಷ ಆಯ್ತು ಸಾರ್, ಒಂದು ಹೊಲಿಗೆ ಬುಟ್ಟಿಲ್ಲ. ನಂ ಸೊಂಟ ನೋವೇ ಹೊಂಟೋಯ್ತು" ಎಂದರು. ಮ್ಯಾನೇಜರು ಆರನ್ನೂ ಹತ್ತಿ ಕೂತು ನೋಡಿದರು. ಆರನೆಯದರಲ್ಲಿ ಅವರು ನಗುತ್ತಿದ್ದರು. ಒಳಗೆ ಹೋಗಿ ಅರ್ಜಿ ತೆಗೆದುಕೊಂಡರು. ನನ್ನ ವರದಿಯನ್ನು ಅವರು ಓದಿದರೆಂಬುದಕ್ಕೆ ಯಾವ ಸಾಕ್ಷಿಯೂ ಇಲ್ಲ.

ಕಡಕೊಳದಲ್ಲಿ ಒಂದು ಸಣ್ಣ ಶೆಡ್ಡು ಬಾಡಿಗೆಗೆ ಸಿಕ್ಕಿತು. ಕತ್ತರಿಸಲು ರಾಚಪ್ಪ ಎಂಬ ಹಳೆಯ ಮಾಸ್ತರು ಬಂದರು. ಹೊಲಿಯಲು ಐದು ಜನ: ಸಿಟಿಯ ಅಂಗಡಿಯಿಂದ ಬಂದ ಇಬ್ಬರು ಗಂಡಸರು, ಸುತ್ತಲಿನ ಊರುಗಳ ಮೂವರು ಹುಡುಗಿಯರು. ಅವರಲ್ಲಿ ರೂಪ ಎಂಬವಳದು ಮಾತು ಕಡಿಮೆ, ಕೈ ಚುರುಕು. ಒಂದು ವರ್ಷ ಎಲ್ಲ ಸುಗಮ. ಆಮೇಲೊಂದು ದಿನ ಸಂಜೆ ಮಂಗಳಗೌರಿ ನಮ್ಮ ಮನೆಗೆ ಬಂದು, ಚಪ್ಪಲಿ ಬಿಡುವುದನ್ನೂ ಮರೆತು, ಸೋಫಾದಲ್ಲಿ ಕುಸಿದು ಕೂತಳು.

"ರೂಪ ಇವತ್ತು ಕೇಳ್ಬುಟ್ಲು ಮೇಡಂ. ಅಕ್ಕ, ಅವರಿಬ್ಬರೂ ದಿನಕ್ಕೆ ಎಷ್ಟು ಕವರು ಹೊಲೀತಾರೋ ನಾನೂ ಅಷ್ಟೇ ಹೊಲೀತೀನಿ, ನಂಗ್ಯಾಕೆ ಸಂಬಳ ಕಮ್ಮಿ ಅಂತ. ನಾನಂದೆ, ಅವರು ಸಂಸಾರಸ್ಥರು ಕಣಮ್ಮ ಅಂತ. ಅವಳು, ನಂಗೂ ಅವ್ವ ಅವ್ಳೆ, ತಂಗಿ ಅವ್ಳೆ ಅಕ್ಕ, ಅವರೂ ಅನ್ನನೇ ತಿನ್ನೋದು ಅಂದ್ಲು."

ನಾನು ಮೇಷ್ಟ್ರಮ್ಮನ ದನಿಯಲ್ಲಿ, ಮಾರುಕಟ್ಟೆಯಲ್ಲಿ ಇರುವ ದರವೇ ಹಾಗೆ, ನೀನೇನು ಮಾಡಲಾದೀತು ಎಂದೆ. ಅವಳು ನನ್ನ ಮುಖ ನೋಡಿದಳು. "ಅಲ್ಲ ಮೇಡಂ, ಆ ಬ್ಯಾಂಕಲ್ಲಿ ಮ್ಯಾನೇಜರು ನನ್ನ ಮುಂದೆ ಕೂತಿದ್ರಲ್ಲ, ಈಗ ಆ ಕುರ್ಚೀಲಿ ನಾನೇ ಕೂತ್ಬುಟ್ಟಿದೀನಲ್ಲ!" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅಷ್ಟು ವರ್ಷ ನನ್ನ ತರಗತಿಯಲ್ಲಿ ರೂಪಳ ಈ ಪ್ರಶ್ನೆಯನ್ನು ಒಬ್ಬಳೂ ಕೇಳಿರಲಿಲ್ಲ. ಕೇಳುವಂತೆ ನಾನು ಪಾಠ ಮಾಡಿರಲಿಲ್ಲ.

ಮಾರನೆಯ ದಿನವೇ ಅವಳು ಐವರಿಗೂ ಒಂದೇ ಸಂಬಳ ಎಂದು ಹೇಳಿದಳು. ಗಂಡಸರದ್ದು ಇಳಿಸಲಿಲ್ಲ, ಹುಡುಗಿಯರದ್ದು ಏರಿಸಿದಳು. ಆದರೂ ಅವರಿಬ್ಬರಿಗೆ ಅವಮಾನವಾಯಿತು. ನಿನ್ನೆ ಸೂಜಿಗೆ ದಾರ ಹಾಕಲು ಕಲಿತವರಿಗೂ ನಮಗೂ ಒಂದೇನಾ ಎಂದು ಎದ್ದು ಹೊರಟರು. ಶಾಲೆ ಶುರುವಾಗಲು ಒಂಬತ್ತು ದಿನವಿತ್ತು, ವ್ಯಾನುಗಳ ಅರ್ಧ ಕೆಲಸ ಬಾಕಿಯಿತ್ತು. ಎಲ್ಲರೂ ರಾಚಪ್ಪನವರ ಕಡೆ ನೋಡಿದರು. ಅವರೂ ಎದ್ದರೆ ಶೆಡ್ಡಿಗೆ ಬೀಗವೇ ಗತಿ. ಅವರು ಕನ್ನಡಕ ಒರೆಸಿಕೊಂಡು, "ನಾನು ನೋಡೋದು ಗೆರೆ ನೆಟ್ಟಗೈತಾ ಅಂತ. ಕೈ ಯಾರ್ದು ಅಂತ ನೋಡೋಕೆ ನಂಗೆ ಪುರಸೊತ್ತಿಲ್ಲ. ಆ ರೋಲ್ ಎತ್ಕೊಡಮ್ಮ ರೂಪ" ಎಂದರು.

ಆ ಒಂಬತ್ತು ದಿನ ನೆನೆದರೆ ಈಗಲೂ ನಗು ಬರುತ್ತದೆ. ಮಂಗಳಗೌರಿ ಮತ್ತೆ ಮೆಷಿನ್ನಿಗೆ ಕೂತಳು. ಸಿದ್ದರಾಜು ರಜೆ ಹಾಕಿ, ಶೆಡ್ಡಿನ ಹಿಂದೆ ಒಲೆ ಹೂಡಿ, ಎಲ್ಲರಿಗೂ ಬಸ್ಸಾರು ಮುದ್ದೆ ಮಾಡಿ ಬಡಿಸಿದ. "ಒಳಗಡೆ ಹೋಗ್ರೀ, ಒಳಗಡೆ ಜಾಗ ಐತೆ" ಎಂದು ಅಭ್ಯಾಸಬಲದಿಂದ ಊಟದ ಸಾಲಿನಲ್ಲೂ ಕೂಗುತ್ತಿದ್ದ. ಬೇಸಿಗೆ ರಜೆಯಲ್ಲಿದ್ದ ನನಗೆ ಫೋಮಿಗೆ ಅಂಟು ಹಚ್ಚುವ ಕೆಲಸ. ಎರಡನೆಯ ದಿನ ನನ್ನ ಸೆರಗು ಬೆಂಚಿಗೆ ಅಂಟಿ, ರಾಚಪ್ಪನವರು ಕತ್ತರಿಯಿಂದ ನನ್ನನ್ನು ಬಿಡಿಸಬೇಕಾಯಿತು. ಶಾಲೆ ತೆರೆಯುವ ಹಿಂದಿನ ದಿನ ಮಧ್ಯಾಹ್ನ ಕೊನೆಯ ವ್ಯಾನು ಹೊರಟಾಗ ಮೂವರು ಹುಡುಗಿಯರೂ ರಸ್ತೆಯವರೆಗೆ ಅದರ ಹಿಂದೆ ಓಡಿದರು.

ಆಮೇಲಿನದೆಲ್ಲ ಏರುದಾರಿ. ಹೋದವರಲ್ಲಿ ಒಬ್ಬರು ತಿಂಗಳಾದ ಮೇಲೆ ವಾಪಸು ಬಂದರು, ಅದೇ ಸಮಾನ ಸಂಬಳಕ್ಕೆ. ಸಾಲ ಅವಧಿಗೆ ಮುಂಚೆಯೇ ತೀರಿತು. ಆ ವರ್ಷದ ಆಯುಧಪೂಜೆಗೆ ಮಂಗಳಗೌರಿ ತನ್ನ ದುಡಿಮೆಯಲ್ಲಿ ತನಗೆಂದೇ ಮೊದಲ ಸಲ ಕೊಂಡ ರೇಷ್ಮೆ ಸೀರೆ ಉಟ್ಟು, ಚೆಂಡುಹೂ ಮುಡಿದ ಮೆಷಿನ್ನುಗಳ ನಡುವೆ ನಿಂತಳು. ಸಿದ್ದರಾಜು ಬಾಯಿ ತೆರೆದು ನೋಡುತ್ತಿದ್ದ. "ಏನ್ ನೋಡ್ತೀಯ, ಟಿಕೆಟ್ ತಗೊಂಡಿವ್ನಿ" ಎಂದು ಅವಳೇ ನಕ್ಕಳು.

ಈಗ ಶೆಡ್ಡು ಅವಳ ಸ್ವಂತದ್ದು. ನಲವತ್ತು ಜನ ಕೆಲಸಕ್ಕಿದ್ದಾರೆ, ಅರ್ಧಕ್ಕಿಂತ ಹೆಚ್ಚು ಹೆಂಗಸರು. ಹೊಲಿಗೆ ವಿಭಾಗ ರೂಪಳ ಉಸ್ತುವಾರಿ. ನಿವೃತ್ತಳಾದ ನಾನು ವಾರಕ್ಕೆರಡು ದಿನ ಹೋಗಿ ಕಾಗದಪತ್ರ ನೋಡಿಕೊಡುತ್ತೇನೆ. ಇವತ್ತು ಹೋದಾಗ ಒಂದು ಮೆಷಿನ್ನು ಖಾಲಿಯಿತ್ತು. ಅಲ್ಲಿ ಕೂರುವ ಹುಡುಗಿ ಸಂಬಳಸಹಿತ ಬಾಣಂತನದ ರಜೆಯಲ್ಲಿದ್ದಾಳೆ. ನಾನು ಅದನ್ನೇ ನೋಡುತ್ತ ನಿಂತಿದ್ದು ಮಂಗಳಗೌರಿಗೆ ಕಂಡಿತು.

"ಎಷ್ಟು ವರ್ಷ ನಿಂತ್ಕಂಡೇ ನೋಡ್ತೀರಾ? ಕೂತ್ಕಳಿ ಮೇಡಂ."

ಕೂತೆ. ಪೆಡಲು ಒತ್ತಿದ್ದೇ ತಡ ಮೆಷಿನ್ನು ಬೆದರಿದ ಹಸುವಿನಂತೆ ಕವರನ್ನು ಎಳೆದುಕೊಂಡು ಹೋಯಿತು, ಹೊಲಿಗೆ ಸೊಟ್ಟಗಾಯಿತು. ರೂಪ ಬಂದು ನೋಡಿ, ಬಹಳ ಮರ್ಯಾದೆಯಿಂದ, "ಬಿಚ್ಚಿ ಮೇಡಂ, ಮತ್ತೆ ಹಾಕಿ" ಎಂದಳು. ಮೂರು ಸಲ ಬಿಚ್ಚಿಸಿದಳು. ನಾಲ್ಕನೆಯ ಸಲ ಕವರನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಂಚನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿದಳು. ಸಿದ್ಧವಾದ ಕವರುಗಳ ರಾಶಿಯ ಮೇಲೆ ಅದನ್ನೂ ಇಟ್ಟು ಮುಂದಿನವರ ಬಳಿ ಹೋದಳು. ಮುಂದಿನ ವಾರ ಯಾವುದೋ ಮಗು ಅದರ ಮೇಲೆ ಕೂತು ಶಾಲೆಗೆ ಹೋಗುತ್ತದೆ. ನಾನು ಕನ್ನಡಕ ಸರಿಮಾಡಿಕೊಂಡು, ಯಾರೂ ಹೇಳುವ ಮೊದಲೇ, ಇನ್ನೊಂದನ್ನು ಸೂಜಿಯ ಕೆಳಗಿಟ್ಟೆ.