ಬಾಯ್ಲರ್ ಮನೆಯ ಅಂಜಿನಪ್ಪ

ಅಂಜಿನಪ್ಪ ಸಂಶಯದ ಪ್ರಾಣಿ. ಇದಕ್ಕಿಂತ ಮೆದುವಾಗಿ ಹೇಳಿದರೆ ಅವನ ಕೈಕೆಳಗೆ ದುಡಿದವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಕೆಲವರ ಸಂಶಯಕ್ಕೆ ಹಿಂದೊಂದು ಕಾರಣವಿರುತ್ತದೆ. ಯಾರೋ ಮೋಸ ಮಾಡಿರುತ್ತಾರೆ, ದಾಯಾದಿಗಳು ಹೊಲ ನುಂಗಿರುತ್ತಾರೆ. ಅಂಜಿನಪ್ಪನಿಗೆ ಅಂಥದ್ದೇನೂ ಆಗಿರಲಿಲ್ಲ. ಹುಟ್ಟೂರು ಗೋವಿನಕೋವಿಯಲ್ಲಿ ಅವನ ಅಣ್ಣಂದಿರು ಅವನ ಪಾಲನ್ನು ಜಗಳವಿಲ್ಲದೆ ಬಿಟ್ಟುಕೊಟ್ಟಿದ್ದರು. ಜಗಳವಿಲ್ಲದೆ ಯಾಕೆ ಬಿಟ್ಟುಕೊಟ್ಟರು ಎಂದು ಅವನು ವರ್ಷಗಟ್ಟಲೆ ತಲೆ ಕೆಡಿಸಿಕೊಂಡ. ಸಾರಿಗೆ ಉಪ್ಪು ಹೆಚ್ಚಾದ ದಿನ ಹೆಂಡತಿಯನ್ನು, "ಇವತ್ತು ಮನೆಗೆ ಯಾರು ಬಂದಿದ್ರು?" ಎಂದು ಕೇಳುತ್ತಿದ್ದ. ಹೆಂಡತಿ ಅಂತರಘಟ್ಟಮ್ಮ ತಟ್ಟೆಯಿಂದ ತಲೆಯೆತ್ತದೆ, "ಉಪ್ಪು ಬಂದಿತ್ತು, ಉಂಡು ಹೋಗ್ತೀನಿ ಅಂತು" ಎನ್ನುತ್ತಿದ್ದಳು.

ಇಂಥವನಿಗೆ ಸಿಕ್ಕಿದ್ದ ಕೆಲಸ ಮಾತ್ರ ಅವನಿಗೆಂದೇ ಮಾಡಿಟ್ಟಂತಿತ್ತು. ತ್ಯಾವಣಿಗೆಯ ಹೊರಗೆ, ನಾಲೆಯ ಪಕ್ಕದಲ್ಲಿದ್ದ ಸಾಹುಕಾರ ಪಂಚಾಕ್ಷರಪ್ಪನವರ ಅಕ್ಕಿ ಮಿಲ್ಲಿನಲ್ಲಿ ಅವನು ಬಾಯ್ಲರ್ ನಡೆಸುತ್ತಿದ್ದ. ಎಪ್ಪತ್ತೊಂದನೆಯ ಇಸವಿಯಿಂದ ಆ ಕೆಲಸ ಅವನದೇ. ಭತ್ತವನ್ನು ತೊಟ್ಟಿಯಲ್ಲಿ ನೆನೆಹಾಕಿ, ಹಬೆಯಲ್ಲಿ ಬೇಯಿಸಿ, ಕಣದಲ್ಲಿ ಒಣಗಿಸಿ ಕುಸುಬಲಕ್ಕಿ ಮಾಡುವ ಮಿಲ್ಲು ಅದು. ಹಬೆ ನಿಂತರೆ ಎಲ್ಲವೂ ನಿಂತಂತೆ. ಭತ್ತದ ಹೊಟ್ಟನ್ನೇ ಉರಿಸಿ ಹಬೆ ಎಬ್ಬಿಸುತ್ತಿದ್ದರು.

ಬಾಯ್ಲರಿನ ಒಳಗಿನ ನೀರು ಕಣ್ಣಿಗೆ ಕಾಣುವುದಿಲ್ಲ. ಅದರ ಮುಂಭಾಗದಲ್ಲಿ ಎರಡು ಗಾಜಿನ ಕೊಳವೆಗಳನ್ನು ನಿಲ್ಲಿಸಿರುತ್ತಾರೆ. ಮಿಲ್ಲಿನವರ ಬಾಯಲ್ಲಿ ಅವು ಗ್ಲಾಸು. ಪ್ರತಿ ಗ್ಲಾಸಿಗೂ ಮೇಲಿಂದ ಹಬೆ, ಕೆಳಗಿಂದ ನೀರು ಬರುವ ದಾರಿಗೆ ಒಂದೊಂದು ಕಾಕು, ಎಂದರೆ ಹಿಡಿಯಿರುವ ನಲ್ಲಿ, ಇರುತ್ತದೆ. ಅಲ್ಲಿ ಕಾಣುವ ನೀರಿನ ಮಟ್ಟವೇ ಒಳಗಿನ ಮಟ್ಟ. ಒಳಗೆ ನೀರು ತೀರುತ್ತ ಬಂದರೆ ಕಬ್ಬಿಣ ಕೆಂಪಗೆ ಕಾದು, ಬಾಯ್ಲರ್ ಸೀಳಿ, ಎದುರಿಗಿದ್ದವರ ಗುರುತೂ ಸಿಗುವುದಿಲ್ಲ. ಆದರೆ ಗ್ಲಾಸೂ ಸುಳ್ಳು ಹೇಳಬಲ್ಲದು. ಅದರ ದಾರಿ ಕಟ್ಟಿಕೊಂಡರೆ ಹಳೆಯ ನೀರೇ ಅಲ್ಲಿ ನಿಂತಿರುತ್ತದೆ, ಒಳಗೆ ಬತ್ತುತ್ತಿರುತ್ತದೆ. ಅದಕ್ಕೇ ಪಾಳಿ ಬದಲಾಗುವಾಗ ಹೊಸದಾಗಿ ಬಂದವನು ಗ್ಲಾಸಿನ ನೀರನ್ನೆಲ್ಲ ಕೆಳಗೆ ಬಿಟ್ಟು, ಅದು ಮತ್ತೆ ಚಂಗನೆ ಮೇಲೇರುವುದನ್ನು ನೋಡಿಯೇ ಕೆಲಸ ವಹಿಸಿಕೊಳ್ಳಬೇಕು. ಬೇರೆ ಕಡೆ ಇದು ಕಾಟಾಚಾರ. ಅಂಜಿನಪ್ಪ ಮಾತ್ರ, ಹೋಗುವವನನ್ನು ಪಕ್ಕದಲ್ಲಿ ಕಳ್ಳನಂತೆ ನಿಲ್ಲಿಸಿಕೊಂಡು ಈ ಪರೀಕ್ಷೆ ಮಾಡುತ್ತಿದ್ದ. ನಿಂತ ನೀರನ್ನು ಅವನು ನಂಬುತ್ತಿರಲಿಲ್ಲ. ನಿಜವಾದ ನೀರು ಗ್ಲಾಸಿನಲ್ಲಿ ಸ್ವಲ್ಪ ನಡುಗುತ್ತಲೇ ಇರಬೇಕು. ಲೋಕದಲ್ಲಿ ದೋಷವಾದದ್ದು ಆ ಕೋಣೆಯಲ್ಲಿ ಯೋಗ್ಯತೆಯಾಗಿತ್ತು. ಸಾಹುಕಾರರು ಅವನನ್ನು ಸಹಿಸಿಕೊಂಡದ್ದೂ ಆ ಕಾರಣಕ್ಕೇ.

ಅವನ ಜೊತೆಗೆ ಎರಡನೆಯ ಪಾಳಿಗೆ ಬಂದವರು ಯಾರೂ ಬಾಳಲಿಲ್ಲ. ನ್ಯಾಮತಿಯ ಚಿಕ್ಕಹನುಮಂತಪ್ಪ ಹೊಟ್ಟನ್ನು ಇಟ್ಟಿಗೆ ಭಟ್ಟಿಗೆ ಮಾರುತ್ತಾನೆಂದು ಅಂಜಿನಪ್ಪನಿಗೆ ಅನ್ನಿಸಿತು, ಅನ್ನಿಸಿದ್ದಷ್ಟೇ ಸಾಕಾಯಿತು. ಹೊನ್ನಾಳಿಯಿಂದ ಬಂದ ಇನ್ನೊಬ್ಬನು ಒಬ್ಬನೇ ಇದ್ದಾಗ ನಗುತ್ತಾನೆ ಎಂಬುದು ದೂರು. ಅವನು ಹೋಗುವಾಗ, "ನಿಮ್ಮ ಜೊತೆಗಿದ್ರೆ ನಗು ಒಂದೇ ಜೊತೆಗಾರ ರೀ" ಎಂದು ಹೇಳಿಯೇ ಹೋದ. ಅಂಜಿನಪ್ಪ ಚನ್ನಗಿರಿ ಪೇಟೆಯಿಂದ ದೊಡ್ಡದೊಂದು ಬೀಗ ತಂದು ಬಾಯ್ಲರ್ ಮನೆಗೆ ಹಾಕಿದ. ಅದಕ್ಕೆ ಎರಡೇ ಕೀಲಿ. ಒಂದು ಅವನ ಉಡುದಾರದಲ್ಲಿ, ಇನ್ನೊಂದು ಎರಡನೆಯ ಪಾಳಿಯವನ ಹತ್ತಿರ.

ಎಪ್ಪತ್ತೊಂಬತ್ತರಲ್ಲಿ ಆ ಎರಡನೆಯ ಕೀಲಿ ಜಗಳೂರಿನ ಕೊಟ್ರಬಸಪ್ಪನ ಕೈಗೆ ಬಂತು. ಮೂವತ್ತರ ಗಂಡಸು, ಗಟ್ಟಿ ಮೈ, ರಸ್ತೆಗೆ ಜಲ್ಲಿ ಒಡೆದು ಒರಟಾದ ಕೈ.

"ಜಗಳೂರಿಂದ ಇಲ್ಲೀಗಂಟ ಯಾಕೆ ಬಂದೆ?" ಅಂಜಿನಪ್ಪನ ಮೊದಲ ಪ್ರಶ್ನೆ.

"ಬಾಯ್ಲರ್ ಕೆಲಸ ಕಲಿಯಾಕೆ ರೀ ಮೇಸ್ತ್ರಿ."

"ಅಲ್ಲಿ ಬಾಯ್ಲರ್ ಇಲ್ವ?"

"ಬಾಯ್ಲರ್ ಹಂಗಿರ್ಲಿ, ಅದಕ್ಕೆ ಹಾಕಾಕೆ ನೀರೇ ಇಲ್ಲ."

ಜಾಣ ಮಾತು. ಜಾಣ ಮಾತಾಡುವವನನ್ನು ಕಣ್ಣಿಟ್ಟು ನೋಡಬೇಕು ಎಂದುಕೊಂಡ ಅಂಜಿನಪ್ಪ. ಕೊಟ್ರಬಸಪ್ಪ ಕೆಲಸವನ್ನು ಬೇಗ ಕಲಿತದ್ದೂ ಅವನಿಗೆ ಸರಿಬರಲಿಲ್ಲ. ಇಷ್ಟು ಬೇಗ ಕಲಿಯುವವನಿಗೆ ಮೇಸ್ತ್ರಿಯ ಜಾಗದ ಮೇಲೆ ಕಣ್ಣಿಲ್ಲದೆ ಇರುತ್ತದೆಯೇ? ಎರಡು ವರ್ಷದಲ್ಲಿ ಅವನು ಸರ್ಕಾರದ ಬಾಯ್ಲರ್ ಪರೀಕ್ಷೆಗೆ ಕೂರುವ ಮಟ್ಟಕ್ಕೆ ಬಂದ. ಪಾಸಾದರೆ ಹೊಟ್ಟೆಪಾಡಿಗೆ ಜೀವಮಾನವಿಡೀ ಯೋಚನೆಯಿಲ್ಲ. ಇಲ್ಲವಾದರೆ ಮತ್ತೆ ಜಗಳೂರಿನ ಬಿಸಿಲು, ಸುತ್ತಿಗೆ, ಜಲ್ಲಿ. ಪರೀಕ್ಷೆಗೆ ಕೂರಬೇಕಾದರೆ ಅಲ್ಲಿಯತನಕ ಒಂದು ಬಾಯ್ಲರಿನ ಮೇಲೆ ಕೆಲಸದಲ್ಲಿರಬೇಕು.

ಆ ವರ್ಷದ ಆಯುಧಪೂಜೆಗೆ ಮಿಲ್ಲನ್ನು ನಿಲ್ಲಿಸಿ ಬಾಯ್ಲರ್ ಆರಿಸಿದರು. ಹಬ್ಬಕ್ಕೆ ಮುಂಚೆ ಎಲ್ಲ ಯಂತ್ರಗಳನ್ನೂ ತೊಳೆದು, ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣು ಹಾಕಿ ಉಜ್ಜುವುದು ಅಲ್ಲಿಯ ವಾಡಿಕೆ. ಅಂಜಿನಪ್ಪ ಬೀಗ ತೆಗೆದು, ಕಣ ಗುಡಿಸುವ ಓಬವ್ವನನ್ನು ಒಳಗೆ ಬಿಟ್ಟು, "ನನ್ನ ಮೀಸೆ ಕಾಣಬೇಕು, ಹಂಗೆ ಉಜ್ಜು" ಎಂದು ಹೇಳಿ ಹೊರಗೆ ನಿಂತ. ಕೊಟ್ರಬಸಪ್ಪ ಗಾಲಿಗಳಿಗೆ ವಿಭೂತಿ ಬಳಿಯುತ್ತಿದ್ದ. ಅಂಜಿನಪ್ಪನ ಕಣ್ಣು ಅವನ ಮೇಲಿತ್ತು. ಚೆಂಡುಹೂವು ಏರಿಸಿದರು, ಕುಂಬಳಕಾಯಿ ಒಡೆದರು, ಮಂಡಕ್ಕಿ ಹಂಚಿದರು.

ಹಬ್ಬ ಕಳೆದು ಮಿಲ್ಲು ತೆರೆದ ಬೆಳಿಗ್ಗೆ ಬಾಯ್ಲರ್ ಹೊತ್ತಿಸಿದವನು ಕೊಟ್ರಬಸಪ್ಪ. ಅಂಜಿನಪ್ಪ ಬರುವ ಹೊತ್ತಿಗೆ ಹಬೆ ಏರಿ, ಭತ್ತ ಬೇಯುತ್ತಿತ್ತು.

"ನೀರು ಸರಿ ಐತೆ ಮೇಸ್ತ್ರಿ. ಅರ್ಧಕ್ಕೆ ನಿಂತೈತೆ, ಪಂಪು ಹಾಕಾದೇ ಬೇಕಾಗಿಲ್ಲ."

ಅಂಜಿನಪ್ಪ ಗ್ಲಾಸನ್ನು ನೋಡಿದ. ನೀರು ಅರ್ಧಕ್ಕಿತ್ತು. ಬಾವಿಯ ತಳದ ನೀರಿನಂತೆ ಅಲುಗದೆ ಇತ್ತು. ಎರಡನೆಯ ಗ್ಲಾಸಿನಲ್ಲಿಯೂ ಹಾಗೆಯೇ. ನೀರು ಹೊರಬಿಡುವ ತಳದ ಕಾಕು ಬಿಟ್ಟು ನೀರನ್ನು ಖಾಲಿ ಮಾಡಿದ. ಮತ್ತೆ ಏನೂ ಏರಲಿಲ್ಲ. ಹಬೆಯ ಉಸಿರೂ ಇಲ್ಲ.

"ಬೆಂಕಿ ಎಳಿ! ಹೊಟ್ಟು ಎಳಿ ಹೊರಗೆ! ಪಂಪು ಮುಟ್ಟಬೇಡ!"

ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಇನ್ನೂ ಅನಾಹುತ. ಇಬ್ಬರೂ ಸಲಿಕೆ ಹಿಡಿದು ಕೆಂಡವನ್ನೆಲ್ಲ ಹೊರಗೆ ಎಳೆದು ಹಾಕಿದರು. ಕಣದ ಹೆಂಗಸರು ಕಿರುಚುತ್ತ ನಾಲೆಯ ಕಡೆಗೆ ಓಡಿದರು. ಶಾಖ ಇಳಿದ ಮೇಲೆ ನೋಡಿದರೆ ಗ್ಲಾಸಿಗೆ ನೀರು, ಹಬೆ ಬರುವ ನಾಲ್ಕು ಕಾಕುಗಳೂ ಮುಚ್ಚಿದ್ದವು. ಅವನ್ನು ತೆರೆದರೆ ಗ್ಲಾಸಿನ ಬುಡದಲ್ಲಿ ಒಂದು ಗುಟುಕು ನೀರು ಕಾಣಿಸಿತು. ಇನ್ನು ಸ್ವಲ್ಪ ಹೊತ್ತು ಕಳೆದಿದ್ದರೆ ಮಿಲ್ಲಿರುತ್ತಿರಲಿಲ್ಲ.

ಒಂದು ಗ್ಲಾಸು ಮುಚ್ಚಿದ್ದರೆ ಮರೆವು ಎನ್ನಬಹುದು. ಎರಡೂ ಮುಚ್ಚಿದ್ದರೆ ಅದು ಮನಸ್ಸಿಟ್ಟು ಮಾಡಿದ ಕೆಲಸ. ಬೀಗಕ್ಕೆ ಎರಡೇ ಕೀಲಿ. ಅಂಜಿನಪ್ಪನ ಲೆಕ್ಕ ಅಲ್ಲಿಗೆ ಮುಗಿಯಿತು.

"ನಾನ್ಯಾಕೆ ಮುಚ್ಚಲಿ ಮೇಸ್ತ್ರಿ? ಸಿಡಿದಿದ್ರೆ ಮೊದಲು ಸಾಯೋನು ನಾನಲ್ವ?" ಕೊಟ್ರಬಸಪ್ಪ ಸಲಿಕೆ ಕೆಳಗಿಟ್ಟ.

"ಸಿಡಿಯಾಕೆ ಬಿಡ್ತಿದ್ಯೇನು ನೀನು? ನನ್ನ ಪಾಳೀಲಿ ಬಾಯ್ಲರ್ ಪ್ಲೇಟು ಸುಡ್ಲಿ, ಮೇಸ್ತ್ರಿಗೆ ಕಣ್ಣು ಮಂಜಾದವು ಅಂತ ಸಾವ್ಕಾರ್ರು ಅನ್ಲಿ, ಅದು ನಿನ್ನ ಎಣಿಕೆ."

"ದೇವ್ರಾಣೆ ಹಂಗಿಲ್ಲ. ಆರಿಸಿದ ದಿನ ನಾನೇ ಬಿಟ್ಟು ನೋಡಿದ್ದೆ, ಸರಿ ಇತ್ತು. ಇವತ್ತೂ ಸರಿ ಇರ್ತೈತೆ ಅಂದ್ಕಂಡೆ."

"ಅಂದ್ಕಂಡ್ಯಾ!" ಅಂಜಿನಪ್ಪ ಉಗುಳಿದ.

ಪಂಚಾಕ್ಷರಪ್ಪನವರು ಹೆಚ್ಚು ಕೇಳಲಿಲ್ಲ. ಮಿಲ್ಲು ಉಳಿದದ್ದೇ ಅವರಿಗೆ ದೊಡ್ಡದಾಗಿತ್ತು, ಉಳಿಸಿದವನ ಮಾತೇ ಮಾತಾಯಿತು. "ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗ್ಬಿಡು. ಬಾಯ್ಲರ್ ಇನ್ಸ್‌ಪೆಕ್ಟರ್ ಕಿವಿಗೆ ಹಾಕಲ್ಲ, ಅದೇ ನಿನ್ನ ಪುಣ್ಯ" ಎಂದರು. ಆದರೆ ಅಂಥ ಸುದ್ದಿ ಮಿಲ್ಲಿಂದ ಮಿಲ್ಲಿಗೆ ತಾನಾಗಿಯೇ ನಡೆದುಹೋಗುತ್ತದೆ. ಹೊನ್ನಾಳಿಯಿಂದ ದಾವಣಗೆರೆಯವರೆಗೆ ಯಾರೂ ಇನ್ನು ಕೊಟ್ರಬಸಪ್ಪನನ್ನು ಬಾಯ್ಲರಿನ ಹತ್ತಿರ ಬಿಟ್ಟುಕೊಳ್ಳುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಓಬವ್ವ ಬಾಯ್ಲರ್ ಮನೆಯ ಬೂದಿ ತೆಗೆಯಲು ಬಂದಳು. ಬಂದವಳು ಪೊರಕೆ ಹಿಡಿದು ಗ್ಲಾಸುಗಳ ಮುಂದೆ ನಿಂತುಬಿಟ್ಟಳು.

"ಯಣ್ಣಾ, ಇವನ್ನ ಯಾರು ಮತ್ತೆ ಸೊಟ್ಟ ಮಾಡಿದ್ದು?"

"ಏನು ಸೊಟ್ಟ?"

"ಈ ಕಾಕಿನ ಕೈಗಳು. ಹಬ್ಬಕ್ಕೆ ಉಜ್ಜಿ ನಾಲ್ಕನ್ನೂ ನೆಟ್ಟಗೆ ಮಾಡಿದ್ದೆ. ಮತ್ತೆ ಜೋತು ಬಿದ್ದಾವಲ್ಲ, ಸತ್ತ ಕೋಳಿ ಕತ್ತಿನಂಗೆ."

ಅಂಜಿನಪ್ಪ ಸಲಿಕೆ ಬಿಟ್ಟು ಗ್ಲಾಸುಗಳ ಹತ್ತಿರ ಬಂದ. "ನೀನು ತಿರುವಿದ್ಯಾ?"

"ತಿರುವದೇ ಇರಾಕಾಗ್ತದ? ತೊಟ್ಟಿ ಕಾಕು ದಿನಾ ಬಿಡೋಳು ನಾನು. ಕೈ ಪೈಪಿನ ಉದ್ದಕ್ಕಿದ್ರೆ ಬಿಟ್ಟಂಗೆ, ಅಡ್ಡ ಇದ್ರೆ ಕಟ್ಟಿದಂಗೆ. ಇವು ನಾಲ್ಕೂ ಅಡ್ಡ ಇದ್ದವು. ಹಬ್ಬದ ಗದ್ದಲದಾಗೆ ಅಣ್ಣ ಕಟ್ಟಿ ಮರ್ತಾನೆ, ಪಾಪ, ಅಂತ ಬಿಟ್ಟೆ. ಯಾಕಣ್ಣ, ಹಂಗ್ಯಾಕೆ ನೋಡ್ತೀಯ?"

ಅವಳು ಹೇಳಿದ್ದು ಮಿಲ್ಲಿನ ಎಲ್ಲ ಕಾಕುಗಳಿಗೂ ಸರಿ, ಆ ನಾಲ್ಕನ್ನು ಬಿಟ್ಟು. ಗ್ಲಾಸಿನ ಕಾಕುಗಳ ಹಿಡಿ ಪೈಪಿಗೆ ಅಡ್ಡವಾಗಿ ಕೆಳಕ್ಕೆ ಜೋತಿದ್ದರೆ ತೆರೆದಂತೆ, ಪೈಪಿನ ಉದ್ದಕ್ಕೆ ನೆಟ್ಟಗಿದ್ದರೆ ಮುಚ್ಚಿದಂತೆ. ಬಾಯ್ಲರ್ ನಡುಗಿ ಹಿಡಿ ಜಾರಿದರೂ ದಾರಿ ಮುಚ್ಚದಿರಲಿ ಎಂದು ಹಾಗೆ ಮಾಡಿರುತ್ತಾರೆ. ಬಾಯ್ಲರಿನವರಿಗೆ ಇದು ಗೊತ್ತು, ತೊಟ್ಟಿಯವರಿಗೆ ಗೊತ್ತಿಲ್ಲ. ಯಾರೂ ಅವಳಿಗೆ ಹೇಳಿರಲಿಲ್ಲ. ಹೆಂಡತಿ, ಅಣ್ಣಂದಿರು, ಸಾಹುಕಾರರು, ಜೊತೆಗಾರರು, ಎಲ್ಲರ ಮೇಲೂ ಸಂಶಯಪಟ್ಟವನು ಓಬವ್ವನನ್ನು ಸಂಶಯಪಡುವಷ್ಟೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ತಾನೇ ಬೀಗ ತೆಗೆದು ಒಳಗೆ ಬಿಟ್ಟವಳು ಅವಳು.

"ಇದನ್ನ ಯಾರ ಹತ್ರಾನೂ ಬಾಯಿ ಬಿಡಬೇಡ" ಎಂದ. ಯಾಕೆ ಎಂದು ಅವಳು ಕೇಳುವ ಮೊದಲೇ ಸಾಹುಕಾರರು ಕೂರುವ ಗದ್ದಿಗೆಯ ಕಡೆಗೆ ಹೊರಟಿದ್ದ.

ಪಂಚಾಕ್ಷರಪ್ಪನವರು ಹಣೆಗೆ ವಿಭೂತಿ ಹಚ್ಚಿ ಆಗತಾನೆ ಕುಳಿತಿದ್ದರು.

"ಸಾವ್ಕಾರ್ರೆ, ಕಾಕು ಮುಚ್ಚಿದ್ದು ಆ ಕೊಟ್ರಬಸಪ್ಪ ಅಲ್ಲ."

"ಮತ್ತೆ ಯಾರಯ್ಯ? ಎರಡೇ ಕೀಲಿ ಅಂತ ನಿನ್ನೆ ಎದೆ ತಟ್ಟಿದೆ."

ಅಂಜಿನಪ್ಪ ಉಡುದಾರದ ಕೀಲಿಯನ್ನು ಮುಟ್ಟಿ ತೋರಿಸಿದ. "ಇನ್ನೊಂದು ನಂದು."

ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಸಾಹುಕಾರರು ನಕ್ಕುಬಿಟ್ಟರು.

"ನೀನು? ನಿನ್ನ ನೆರಳನ್ನ ನೀನೇ ನಂಬಲ್ಲ. ಯಾರನ್ನ ಉಳಿಸಾಕೆ ಹೊಂಟೀಯ? ಆ ಹುಡುಗ ಕಾಲಿಗೆ ಬಿದ್ನೇನು?"

"ಅವನು ಬೀಳೋ ಪೈಕಿ ಅಲ್ಲ. ಹಬ್ಬದಾಗೆ ಉಜ್ಜಿಸುವಾಗ ತಪ್ಪಾಗೈತೆ. ಉಜ್ಜಿಸಿದೋನು ನಾನು. ಆಮೇಲೆ ನೋಡದೇ ಬೀಗ ಹಾಕಿದೋನೂ ನಾನು. ತೆಗೆಯಂಗಿದ್ರೆ ನನ್ನನ್ನ ತೆಗೀರಿ."

"ನಿನ್ನನ್ನ ತೆಗೆದು ನಾನೇ ಹೊಟ್ಟು ಹಾಕ್ಲೇನು?" ಪಂಚಾಕ್ಷರಪ್ಪನವರ ನಗು ನಿಂತಿತು. "ಬಸ್ಸಿನ್ನೂ ಹೋಗಿಲ್ಲ ಅಂತ ಕಾಣ್ತದೆ. ಅವನು ಬಂದ್ರೆ ಇರ್ಲಿ. ನಾನಂತೂ ಕರೆಯಾಕೆ ಬರಲ್ಲ."

ಬಸ್ಸು ಅಶ್ವತ್ಥಕಟ್ಟೆಯ ಹತ್ತಿರ ನಿಂತಿತ್ತು. ಡ್ರೈವರು ಚಹಾ ಕುಡಿಯುತ್ತಿದ್ದ. ಕೊಟ್ರಬಸಪ್ಪ ಕಿಟಕಿಯ ಪಕ್ಕ ಕುಳಿತು, ಅಂಜಿನಪ್ಪ ಬರುವುದನ್ನು ನೋಡಿ ಮುಖ ಆಚೆಗೆ ತಿರುಗಿಸಿದ. ಅಂಜಿನಪ್ಪ ಅವನ ಹತ್ತಿರ ಹೋಗಲಿಲ್ಲ. ಬಸ್ಸಿನ ಹಿಂದಿನ ಏಣಿ ಹತ್ತಿ, ಮೇಲಿದ್ದ ಮೂಟೆಗಳ ನಡುವೆ ಹುಡುಕಿ, ತಗಡಿನ ಟ್ರಂಕೊಂದನ್ನು ಎಳೆಯತೊಡಗಿದ.

"ಯಾರ್ರೀ ಅದು, ಲಗೇಜು ಇಳಿಸಾದು?" ಕಂಡಕ್ಟರು ಕೂಗಿದ.

ಕೊಟ್ರಬಸಪ್ಪ ಕೆಳಗೆ ಹಾರಿ ಬಂದ. "ಅದನ್ನೂ ತಡಕಿ ನೋಡ್ಬೇಕೇನ್ರಿ ಮೇಸ್ತ್ರಿ? ನಿಮ್ಮ ಕಾಕು ಕದ್ದಿಲ್ಲ ನಾನು. ಬೇಕಾದ್ರೆ ಬೀಗ ತೆಗೀತೀನಿ, ಊರೆದುರಿಗೇ ನೋಡ್ಕಳ್ರಿ."

"ನಿಂದಲ್ಲ ತಪ್ಪು. ಗೊತ್ತಾತು."

"ಯಾರ್ದು?"

"ಅದು ನಿನಗ್ಯಾಕೆ? ನಿಂದಲ್ಲ ಅಂದೆ. ಸಾವ್ಕಾರ್ರೂ ಇರ್ಲಿ ಅಂದಾರೆ." ಟ್ರಂಕನ್ನು ಹೆಗಲಿಗೇರಿಸಿಕೊಂಡು ಅಂಜಿನಪ್ಪ ಏಣಿ ಇಳಿದ. "ಹಬೆ ಏರಿದ ಮೇಲೆ ಗ್ಲಾಸ್ ಬಿಟ್ಟು ನೋಡಲಿಲ್ಲ, ಅದು ನಿಂದೇ. ಅದನ್ನ ನಾನು ಬಿಡಾಕಿಲ್ಲ."

ಕೊಟ್ರಬಸಪ್ಪನಿಗೂ ಗೊತ್ತಿತ್ತು, ಅದು ನಿಜವಾಗಿತ್ತು.

"ನಿನ್ನೆ ಎಲ್ಲಾರ ಮುಂದೆ ಅಂದ್ರಿ. ಇವತ್ತು ಹಿಂಗೆ ಬಸ್ ಸ್ಟ್ಯಾಂಡಿನಾಗೆ ಬಂದು ಪೆಟ್ಟಿಗೆ ಇಳಿಸಿದ್ರೆ ನಾನು ಬರಬೇಕಾ? ನನಗೇನು ಮಾನ ಇಲ್ವ?"

ಅಂಜಿನಪ್ಪ ಟ್ರಂಕನ್ನು ಕೆಳಗಿಟ್ಟು, ಹೆಗಲಿನ ಟವಲನ್ನು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡ. ಟ್ರಂಕನ್ನು ಅದರ ಮೇಲಕ್ಕೆ ಎತ್ತಿಟ್ಟ. ಚಹಾದಂಗಡಿಯ ತಿಪ್ಪೇಶಪ್ಪ, "ಏನು ಮೇಸ್ತ್ರಿ, ಹಮಾಲಿ ಹಿಡಿದ್ರಾ?" ಎಂದು ಕೂಗಿದಾಗ ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಡ್ರೈವರು ಲೋಟ ಇಟ್ಟು ಹಾರ್ನ್ ಹೊಡೆದ. ಕಂಡಕ್ಟರು, "ಬರ್ತೀಯೋ ಇಲ್ವೋ?" ಎಂದು ಕೊಟ್ರಬಸಪ್ಪನನ್ನು ಗದರಿದ.

ಅಂಜಿನಪ್ಪ ಟ್ರಂಕು ಹೊತ್ತು ಮಿಲ್ಲಿನ ರಸ್ತೆ ಹಿಡಿದ. ಕೊಟ್ರಬಸಪ್ಪ ಹಿಂದೆ ಬರುತ್ತಿದ್ದಾನೋ ಇಲ್ಲವೋ ಎಂದು ಒಮ್ಮೆಯೂ ತಿರುಗಿ ನೋಡಲಿಲ್ಲ.